ಸಿಬಿಝಡ್‌ನಿಂದ ವಿಜ್ಞಾನ ತರಗತಿಯವರೆಗೆ: ಜೀವಶಾಸ್ತ್ರ ಶಿಕ್ಷಕರಾಗಲು ಪದವಿ ಮತ್ತು ಬಿ.ಇಡಿ.ಯಲ್ಲಿ ಏನು ಓದಬೇಕು, ಹೇಗೆ ಓದಬೇಕು

ಕರ್ನಾಟಕದ ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ಜೀವಶಾಸ್ತ್ರ ಎಂಬ ಪ್ರತ್ಯೇಕ ಪೀರಿಯಡ್ ಇಲ್ಲ, ಇರುವುದು ವಿಜ್ಞಾನ. ಸಾಮಾನ್ಯವಾಗಿ ಪದವಿಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿ ಬಂದವರು ಗಣಿತ ತೆಗೆದುಕೊಳ್ಳುತ್ತಾರೆ, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿ ಬಂದವರ ಪಾಲಿಗೆ ವಿಜ್ಞಾನ ಬರುತ್ತದೆ. ಹಾಗಾಗಿ ಜೀವಶಾಸ್ತ್ರದ ಮೇಲಿನ ಪ್ರೀತಿಯಿಂದ ಈ ದಾರಿ ಹಿಡಿದವರು ಜೀವಕೋಶದ ಜೊತೆಗೆ ಓಮನ ನಿಯಮವನ್ನೂ ಮಸೂರದ ಕಿರಣಚಿತ್ರವನ್ನೂ ಕಲಿಸಬೇಕು. ಪದವಿಗೆ ಸೇರುವಾಗಲೇ ಇದು ಗೊತ್ತಿದ್ದರೆ ಓದಿನ ದಿಕ್ಕು ಬೇರೆಯಾಗುತ್ತದೆ.

ಇದಕ್ಕಿಂತ ದೊಡ್ಡ ಕಂದಕ ಇನ್ನೊಂದಿದೆ. ಬಿ.ಎಸ್ಸಿ. ವಿಷಯ ಕಲಿಸುತ್ತದೆ, ಬಿ.ಇಡಿ. ವಿಧಾನ ಕಲಿಸುತ್ತದೆ. ಇವೆರಡನ್ನೂ ಒಂದೇ ಪಾಠದೊಳಗೆ ಬೆಸೆಯುವ ಕೆಲಸ ಬಹುಮಟ್ಟಿಗೆ ವಿದ್ಯಾರ್ಥಿಯ ಪಾಲಿಗೇ ಬಿಟ್ಟದ್ದು. ಒಂದು ವಿಷಯವನ್ನು ತಿಳಿದಿರುವುದು ಬೇರೆ, ಆ ವಿಷಯ ಮಕ್ಕಳಿಗೆ ಎಲ್ಲಿ ಕಗ್ಗಂಟಾಗುತ್ತದೆ, ಯಾವ ಉದಾಹರಣೆಯಿಂದ ಬಿಡಿಸಿಕೊಳ್ಳುತ್ತದೆ ಎಂದು ತಿಳಿದಿರುವುದು ಬೇರೆ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಈ ಎರಡನೆಯ ಬಗೆಯ ತಿಳಿವಳಿಕೆಯನ್ನು ಶಿಕ್ಷಕರಿಗೇ ವಿಶಿಷ್ಟವಾದ ಜ್ಞಾನವೆಂದು ಗುರುತಿಸಿ ಅದಕ್ಕೆ ‘ಪೆಡಗಾಜಿಕಲ್ ಕಂಟೆಂಟ್ ನಾಲೆಜ್’ ಎಂದು ಹೆಸರು ಕೊಟ್ಟರು. ಬಿ.ಇಡಿ. ಪಠ್ಯಕ್ರಮದಲ್ಲಿ ಅದರ ಪ್ರಸ್ತಾಪ ಇದ್ದೇ ಇರುತ್ತದೆ. ಪ್ರಸ್ತಾಪ ಓದಿದ ಮಾತ್ರಕ್ಕೆ ಅದು ಕೈಗೆ ಬರುವುದಿಲ್ಲ. ಒಂದೊಂದು ಅಧ್ಯಾಯ ಹಿಡಿದು ಅಭ್ಯಾಸ ಮಾಡಬೇಕು.

ದಾರಿಗಳು

ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಮೂರು ವರ್ಷದ ಬಿ.ಎಸ್ಸಿ., ಆಮೇಲೆ ಎರಡು ವರ್ಷದ ಬಿ.ಇಡಿ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಒಂದು ವರ್ಷದ ಬಿ.ಇಡಿ.ಯನ್ನು ಎರಡು ವರ್ಷ ಮಾಡಿತು; ಪ್ರವೇಶಕ್ಕೆ ಪದವಿಯಲ್ಲಿ ಶೇ. 50 ಅಂಕ ಬೇಕು, ಮೀಸಲಾತಿ ವರ್ಗಗಳಿಗೆ ಸಡಿಲಿಕೆ ಇದೆ. ಎರಡನೆಯದು ಪಿಯುಸಿ ಮುಗಿದೊಡನೆ ಸೇರುವ ನಾಲ್ಕು ವರ್ಷದ ಸಂಯೋಜಿತ ಕೋರ್ಸು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ (ಎನ್‌ಸಿಇಆರ್‌ಟಿ) ಅಂಗವಾಗಿ 1963ರಲ್ಲಿ ಆರಂಭವಾದದ್ದು. ವಿಜ್ಞಾನ ಮತ್ತು ಶಿಕ್ಷಣವನ್ನು ಒಟ್ಟಿಗೆ ಕಲಿಸುವ ಪದವಿಗೆ ದಶಕಗಳಿಂದ ಹೆಸರುವಾಸಿ. ಅದರ ಆವರಣದಲ್ಲೇ ಪ್ರಾತ್ಯಕ್ಷಿಕೆಯ ಶಾಲೆಯೂ ಇದೆ. ಈಗ ದೇಶದಾದ್ಯಂತ ಐಟಿಇಪಿ (ಸಂಯೋಜಿತ ಶಿಕ್ಷಕರ ಶಿಕ್ಷಣ ಕಾರ್ಯಕ್ರಮ) ಹೆಸರಿನ ಕೋರ್ಸಿಗೆ 2023ರಿಂದ ಎನ್‌ಸಿಇಟಿ ಎಂಬ ಪ್ರವೇಶ ಪರೀಕ್ಷೆ ನಡೆಯುತ್ತಿದೆ. ಶಿಕ್ಷಕರಾಗುವುದು ಖಚಿತ ಎಂದು ಪಿಯುಸಿಯಲ್ಲೇ ತೀರ್ಮಾನಿಸಿದವರಿಗೆ ಈ ದಾರಿ ಒಳ್ಳೆಯದು. ಒಂದು ವರ್ಷ ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ವಿಷಯವನ್ನೂ ವಿಧಾನವನ್ನೂ ಒಟ್ಟೊಟ್ಟಿಗೆ ಓದುವ ಅವಕಾಶ ಸಿಗುತ್ತದೆ.

ಯಾವ ದಾರಿಯಾದರೂ ರಸಾಯನಶಾಸ್ತ್ರವನ್ನು ಕೈಬಿಡಬೇಡಿ. ರಾಜ್ಯದಲ್ಲಿ 2021-22ರಿಂದ ಎರಡು ಮುಖ್ಯ ವಿಷಯಗಳ ಪದ್ಧತಿ ಬಂದು, 2024-25ರಲ್ಲಿ ಮತ್ತೆ ಮೂರು ವಿಷಯಗಳ ಮೂರು ವರ್ಷದ ಪದವಿಗೆ ಮರಳಿದ್ದೇವೆ. ಶಿಕ್ಷಕರ ಹುದ್ದೆಗಳು ಸಿಬಿಝಡ್ ಎಂಬ ಕೂಟದ ಹೆಸರಿನಲ್ಲೇ ಪ್ರಕಟವಾಗುತ್ತವೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎರಡನ್ನೇ ಹಿಡಿದು ರಸಾಯನಶಾಸ್ತ್ರವನ್ನು ಒಂದೆರಡು ಸೆಮಿಸ್ಟರಿಗೆ ನಿಲ್ಲಿಸಿದವರು ಅರ್ಜಿ ಹಾಕುವ ಮೊದಲು ನೇಮಕಾತಿ ಅಧಿಸೂಚನೆಯ ವಿದ್ಯಾರ್ಹತೆ ಕಲಮನ್ನು ತಮ್ಮ ಅಂಕಪಟ್ಟಿಯೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಬೇಕು. ಜೈವಿಕ ತಂತ್ರಜ್ಞಾನ, ಸೂಕ್ಷ್ಮಜೀವಿಶಾಸ್ತ್ರದ ಕೂಟ ಓದಿದವರಿಗೂ ಇದೇ ಮಾತು.

ಪದವಿಯ ಮೂರು ವರ್ಷ

ಬಿ.ಎಸ್ಸಿ.ಯ ಸಸ್ಯಶಾಸ್ತ್ರ ಪಾಚಿಯಿಂದ ಆವೃತಬೀಜ ಸಸ್ಯಗಳವರೆಗೆ ಗುಂಪುಗುಂಪಾಗಿ ಸಾಗುತ್ತದೆ. ಪ್ರಾಣಿಶಾಸ್ತ್ರವೂ ಅಕಶೇರುಕ, ಕಶೇರುಕ ಎಂದು ಹಾಗೆಯೇ. ಶಾಲೆಯ ಪಠ್ಯ ಈ ಕ್ರಮದಲ್ಲಿಲ್ಲ. ಹತ್ತನೇ ತರಗತಿಯ ಜೀವಶಾಸ್ತ್ರ ಜೀವಕ್ರಿಯೆಗಳು, ನಿಯಂತ್ರಣ ಮತ್ತು ಸಹಭಾಗಿತ್ವ, ಸಂತಾನೋತ್ಪತ್ತಿ, ಅನುವಂಶೀಯತೆ, ಪರಿಸರ ಎಂದು ಕ್ರಿಯೆಗಳ ಸುತ್ತ ಹೆಣೆದದ್ದು. ಆದ್ದರಿಂದ ಪದವಿಯ ಪತ್ರಿಕೆಗಳಲ್ಲಿ ಶಾಲೆಗೆ ನೇರವಾಗಿ ಒದಗುವವು ಶರೀರಕ್ರಿಯಾಶಾಸ್ತ್ರ, ಕೋಶವಿಜ್ಞಾನ, ತಳಿಶಾಸ್ತ್ರ, ಪರಿಸರವಿಜ್ಞಾನ. ವರ್ಗೀಕರಣದ ಪತ್ರಿಕೆಗಳಿಂದ ಸಿಗುವ ಲಾಭ ಬೇರೆ ಬಗೆಯದು: ಶಾಲೆಯ ಸುತ್ತಮುತ್ತ ಬೆಳೆದ ಗಿಡವನ್ನು ಗುರುತಿಸುವ ಕಣ್ಣು. ಆ ಕಣ್ಣಿಲ್ಲದ ಶಿಕ್ಷಕರು ಪುಸ್ತಕದ ಚಿತ್ರಕ್ಕೇ ಕಟ್ಟುಬೀಳುತ್ತಾರೆ.

ಆರನೇ ತರಗತಿಯಿಂದ ಹತ್ತರವರೆಗಿನ ವಿಜ್ಞಾನ ಪುಸ್ತಕಗಳನ್ನು ಪದವಿಯ ಮೊದಲ ವರ್ಷದಲ್ಲೇ ಮೇಜಿನ ಮೇಲಿಟ್ಟುಕೊಳ್ಳಿ, ಕನ್ನಡ ಮಾಧ್ಯಮದ್ದೂ ಇಂಗ್ಲಿಷ್ ಮಾಧ್ಯಮದ್ದೂ. ಕಾಲೇಜಿನಲ್ಲಿ ಒಂದು ಘಟಕ ಮುಗಿದಾಗ ಶಾಲಾಪುಸ್ತಕದ ಅದೇ ಭಾಗ ತೆರೆದು ಮೂರು ಪ್ರಶ್ನೆ ಹಾಕಿಕೊಳ್ಳಿ. ಇಲ್ಲಿ ಏನನ್ನು ಬಿಟ್ಟಿದ್ದಾರೆ? ಬಿಟ್ಟದ್ದರಿಂದ ಯಾವ ವಾಕ್ಯ ಅರೆಸತ್ಯವಾಗಿದೆ? ಮಗು ಇಲ್ಲಿ ಏನು ಕೇಳಬಹುದು?

ದ್ಯುತಿಸಂಶ್ಲೇಷಣೆಯನ್ನೇ ನೋಡೋಣ. ಪದವಿಯಲ್ಲಿ ಬೆಳಕಿನ ಹಂತದ ಎಲೆಕ್ಟ್ರಾನ್ ಸಾಗಣೆ, ಕ್ಯಾಲ್ವಿನ್ ಚಕ್ರ, ಸಿ4 ಸಸ್ಯಗಳು ಎಲ್ಲವನ್ನೂ ಬಾಯಿಪಾಠ ಮಾಡಿರುತ್ತೇವೆ. ಹತ್ತನೇ ತರಗತಿಯ ಮಗುವಿನ ಪ್ರಶ್ನೆ ಬಲು ಸರಳ: ‘ಅಷ್ಟು ದೊಡ್ಡ ಮರದ ತೂಕ ಎಲ್ಲಿಂದ ಬಂತು?’ ‘ಮಣ್ಣಿನಿಂದ’ ಎಂಬುದು ಹೆಚ್ಚಿನ ಮಕ್ಕಳ ಉತ್ತರ. ಗೊಬ್ಬರ ಹಾಕುವುದನ್ನು ದಿನವೂ ನೋಡುವ ರೈತರ ಮಕ್ಕಳಿಗೆ ಆ ಉತ್ತರ ಇನ್ನೂ ಗಟ್ಟಿ. ಇಲ್ಲಿ ಕ್ಯಾಲ್ವಿನ್ ಚಕ್ರದಿಂದ ಪ್ರಯೋಜನವಿಲ್ಲ. ಬೇಕಾದದ್ದು ವಿಜ್ಞಾನಿ ವಾನ್ ಹೆಲ್ಮಾಂಟ್ ಮಾಡಿದ, 1648ರಲ್ಲಿ ಪ್ರಕಟವಾದ ಪ್ರಯೋಗ. 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು ಬರೀ ನೀರೆರೆದ. ಐದು ವರ್ಷಕ್ಕೆ ಮರ ಸುಮಾರು 169 ಪೌಂಡ್ ತೂಗಿತು, ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ ಮಾತ್ರ. ತೂಕವೆಲ್ಲ ನೀರಿನಿಂದ ಬಂತು ಎಂದು ಅವನು ತೀರ್ಮಾನಿಸಿದ. ಅವನು ಎಲ್ಲಿ ತಪ್ಪಿದ ಎಂದು ಮಕ್ಕಳನ್ನೇ ಕೇಳಿದರೆ ಕಾರ್ಬನ್ ಡೈಆಕ್ಸೈಡ್ ತರಗತಿಯೊಳಗೆ ತಾನಾಗಿ ಬರುತ್ತದೆ. ಪದವಿಯ ಜ್ಞಾನ ವ್ಯರ್ಥವಾಗುವುದಿಲ್ಲ. ‘ಮತ್ತೆ ಗೊಬ್ಬರ ಏಕೆ ಹಾಕುತ್ತಾರೆ?’ ಎಂದು ಮಗು ಕೇಳಿದಾಗ ಸಾರಜನಕ, ಮೆಗ್ನೀಷಿಯಂ ಎಲ್ಲಿಗೆ ಹೋಗುತ್ತವೆ ಎಂದು ಹೇಳುವ ಬಲ ಅದರಿಂದಲೇ ಬರುವುದು.

ಪ್ರಾಣಿಗಳ ಛೇದನ ಪದವಿಯ ಪ್ರಯೋಗಾಲಯದಿಂದ ಹೆಚ್ಚುಕಡಿಮೆ ಮರೆಯಾಗಿದೆ. ಶಾಲೆಗೆ ಅದರಿಂದ ನಷ್ಟವಿಲ್ಲ. ಹೂವಿನ ಛೇದನವನ್ನು ಮಾತ್ರ ಕೈ ಪಳಗುವಷ್ಟು ಮಾಡಬೇಕು. ದಾಸವಾಳ ಎಲ್ಲೆಡೆ ಸಿಗುತ್ತದೆ, ಅಂಡಾಶಯವನ್ನು ಅಡ್ಡ ಕೊಯ್ದರೆ ಐದು ಕೋಣೆಗಳು ಕಾಣುತ್ತವೆ. ಆದರೆ ಅದರ ಕೇಸರಗಳೆಲ್ಲ ಕೂಡಿ ಕೊಳವೆಯಾಗಿ ಶಲಾಕೆಯನ್ನು ಸುತ್ತಿಕೊಂಡಿರುವುದರಿಂದ ಮೊದಲ ಸಲ ನೋಡುವ ಮಗು ಗಂಡು ಭಾಗ ಯಾವುದು, ಹೆಣ್ಣು ಭಾಗ ಯಾವುದು ಎಂದು ಗೊಂದಲಪಡುತ್ತದೆ. ಸಾಸಿವೆಯಂಥ ಬಿಡಿ ಕೇಸರಗಳ ಹೂವನ್ನು ಮೊದಲು ಬಿಡಿಸಿ ದಾಸವಾಳವನ್ನು ಆಮೇಲೆ ಕೊಡಿ. ಬೆಂಡೆಕಾಯಿಯೂ ಅದೇ ಕುಟುಂಬದ್ದು ಎಂದು ಅಡ್ಡ ಕೊಯ್ದು ತೋರಿಸಿದರೆ ಅಂಡಾಶಯ ಕಾಯಾಗುವ ಸಂಗತಿ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ. ಉಮ್ಮತ್ತಿ ಹೂವು ದೊಡ್ಡದು, ಬಿಡಿಸಲು ಸುಲಭ, ಆದರೂ ವಿಷದ ಗಿಡವಾದ್ದರಿಂದ ಶಾಲೆಯಲ್ಲಿ ಬೇಡ.

ಪ್ರಯೋಗಗಳು ಎಲ್ಲಿ ಕೈಕೊಡುತ್ತವೆ

ಹೊಸ ಶಿಕ್ಷಕರು ಪ್ರಯೋಗ ಬಿಟ್ಟುಬಿಡಲು ಮುಖ್ಯ ಕಾರಣ ಸಾಮಗ್ರಿಯ ಕೊರತೆಗಿಂತ, ಮಕ್ಕಳೆದುರು ಅದು ವಿಫಲವಾದೀತೆಂಬ ಅಂಜಿಕೆ. ಬಿ.ಇಡಿ.ಯ ಎರಡು ವರ್ಷದಲ್ಲಿ ಶಾಲೆಯ ಎಲ್ಲ ಜೀವಶಾಸ್ತ್ರ ಚಟುವಟಿಕೆಗಳನ್ನೂ ಒಮ್ಮೆಯಾದರೂ ಸ್ವತಃ ಮಾಡಿ, ಕೆಡಿಸಿ, ಕೆಟ್ಟದ್ದೇಕೆಂದು ಬರೆದಿಟ್ಟುಕೊಂಡರೆ ಈ ಅಂಜಿಕೆ ಹೋಗುತ್ತದೆ.

ಎಲೆಯಲ್ಲಿ ಪಿಷ್ಟದ ಪರೀಕ್ಷೆ ಅತಿ ಹೆಚ್ಚು ಕೈಕೊಡುವ ಪ್ರಯೋಗ. ಪಠ್ಯ ಹೇಳುವುದು ಹೀಗೆ: ಮನಿಪ್ಲಾಂಟ್ ಅಥವಾ ಕ್ರೋಟನ್‌ನಂಥ ಬಣ್ಣಬಣ್ಣದ ಎಲೆಯ ಗಿಡವನ್ನು ಮೂರು ದಿನ ಕತ್ತಲಲ್ಲಿಡಿ, ಆಮೇಲೆ ಸುಮಾರು ಆರು ಗಂಟೆ ಬಿಸಿಲಿಗಿಡಿ, ಎಲೆಯ ಹಸಿರು ಭಾಗದ ನಕ್ಷೆ ಬರೆದುಕೊಂಡು ಪರೀಕ್ಷಿಸಿ. ಕತ್ತಲ ದಿನಗಳನ್ನು ಕಡಿಮೆ ಮಾಡಿದರೆ ಹಳೆಯ ಪಿಷ್ಟ ಉಳಿದು ಫಲಿತಾಂಶವೇ ಸುಳ್ಳಾಗುತ್ತದೆ. ಜುಲೈ ತಿಂಗಳ ಮಲೆನಾಡಿನ ಮೋಡದಲ್ಲಿ ಆರು ಗಂಟೆ ಸಾಲದು. ಎಲೆಯನ್ನು ಮೊದಲು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದುವ ಹಂತವನ್ನು ಹಲವರು ಬಿಡುತ್ತಾರೆ. ಆಗ ಕೋಶಪೊರೆಗಳು ಒಡೆಯದೆ ಅಯೋಡಿನ್ ಒಳಗೆ ಇಳಿಯುವುದಿಲ್ಲ. ಮುಂದಿನದು ಅಪಾಯದ ಹಂತ. ಆಲ್ಕೋಹಾಲ್ ಸುಮಾರು 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಬೀಕರಿನ ನೀರನ್ನು ಚೆನ್ನಾಗಿ ಕುದಿಸಿ, ದೀಪ ಆರಿಸಿ, ಆಮೇಲೆ ಆಲ್ಕೋಹಾಲ್ ಮತ್ತು ಎಲೆ ಇರುವ ಪ್ರನಾಳವನ್ನು ಆ ಬಿಸಿನೀರಿನಲ್ಲಿಡಿ. ನೇರ ಜ್ವಾಲೆಗೆ ಎಂದೂ ಬೇಡ. ಬಣ್ಣ ಬಿಟ್ಟ ಎಲೆ ಗರಿಗರಿಯಾಗಿ ಮುರಿಯುತ್ತದೆ, ಬಿಸಿನೀರಿನಲ್ಲಿ ಒಮ್ಮೆ ಅದ್ದಿದರೆ ಮೆದುವಾಗುತ್ತದೆ. ಅಯೋಡಿನ್ ದ್ರಾವಣ ತಿಳಿ ಹೊಂಬಣ್ಣಕ್ಕೆ ಬರುವಷ್ಟು ತೆಳುವಾಗಿರಲಿ. ಗಾಢವಾದರೆ ಇಡೀ ಎಲೆ ಕಪ್ಪಾಗಿ ಹಸಿರಿದ್ದ ಜಾಗ, ಇಲ್ಲದ ಜಾಗ ಎರಡೂ ಒಂದೇ ಆಗುತ್ತವೆ. ಈರುಳ್ಳಿ ಎಲೆಯಲ್ಲಿ ಈ ಪರೀಕ್ಷೆ ಮಾಡಲು ಹೋಗಬೇಡಿ, ಅದು ಪಿಷ್ಟದ ಬದಲು ಸಕ್ಕರೆಯನ್ನು ಕೂಡಿಡುವ ಸಸ್ಯ.

ಜೊಲ್ಲುರಸದ ಪ್ರಯೋಗದಲ್ಲಿ ತಪ್ಪು ಆಗುವುದು ಬಿಸಿಯಿಂದ. 100 ಮಿ.ಲೀ. ನೀರಿಗೆ 1 ಗ್ರಾಂ ಪಿಷ್ಟ ಹಾಕಿ ಕುದಿಸಿದ ದ್ರಾವಣ ಪೂರ್ತಿ ಆರುವ ಮೊದಲೇ ಜೊಲ್ಲು ಸೇರಿಸಿದರೆ ಕಿಣ್ವ ಹಾಳಾಗುತ್ತದೆ, ಇಪ್ಪತ್ತು ನಿಮಿಷ ಕಾದರೂ ನೀಲಿಬಣ್ಣ ಹೋಗುವುದಿಲ್ಲ. ಎರಡು ಪ್ರನಾಳಗಳಲ್ಲಿ 1 ಮಿ.ಲೀ. ಪಿಷ್ಟದ್ರಾವಣ, ಒಂದಕ್ಕೆ ಮಾತ್ರ 1 ಮಿ.ಲೀ. ಜೊಲ್ಲು; ಬಾಯಿ ಮುಕ್ಕಳಿಸಿದ ಮೇಲೆ ತೆಗೆದದ್ದಿರಲಿ, ಆಯಾ ಮಗು ತನ್ನದನ್ನೇ ಬಳಸಲಿ. ಇಪ್ಪತ್ತು ನಿಮಿಷದ ಕಾಯುವಿಕೆ ಪೀರಿಯಡಿನ ಅರ್ಧವನ್ನೇ ತಿನ್ನುತ್ತದೆ. ಆದ್ದರಿಂದ ಮೊದಲ ಐದು ನಿಮಿಷದಲ್ಲೇ ಪ್ರನಾಳಗಳನ್ನು ಸಿದ್ಧಪಡಿಸಿಟ್ಟು, ನಡುವೆ ಜೀರ್ಣಾಂಗದ ಪಾಠ ಮಾಡಿ, ಕೊನೆಯಲ್ಲಿ ಅಯೋಡಿನ್ ಹಾಕಿ. ಪಾಠ ಯೋಜನೆಯಲ್ಲಿ ಈ ಸಮಯದ ಲೆಕ್ಕ ಬರೆಯದವರು ಗಂಟೆ ಬಾರಿಸಿದಾಗ ಫಲಿತಾಂಶವಿಲ್ಲದೆ ನಿಲ್ಲುತ್ತಾರೆ.

ಈರುಳ್ಳಿ ಪೊರೆಯನ್ನು ಎಸಳಿನ ಒಳಬಾಗಿದ ಮೈಯಿಂದ ಎಳೆಯಬೇಕು, ತಕ್ಷಣ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಮಡಚಿ ಒಣಗುತ್ತದೆ. ಕವಚಗಾಜನ್ನು ಸೂಜಿಯ ಆಸರೆಯಲ್ಲಿ ಓರೆಯಾಗಿ ಇಳಿಸಿ. ಗಾಳಿಗುಳ್ಳೆ ಉಳಿದರೆ ದಪ್ಪ ಕಪ್ಪು ಅಂಚಿನ ದುಂಡು ಕಾಣುತ್ತದೆ, ಮಕ್ಕಳು ಅದನ್ನೇ ಜೀವಕೋಶವೆಂದು ಶ್ರದ್ಧೆಯಿಂದ ಚಿತ್ರಿಸುತ್ತಾರೆ. ಆದ್ದರಿಂದ ಗುಳ್ಳೆಯನ್ನೂ ಬೇಕೆಂದೇ ಒಮ್ಮೆ ತೋರಿಸಿಬಿಡುವುದು ಒಳ್ಳೆಯದು. ಸೂಕ್ಷ್ಮದರ್ಶಕದಲ್ಲಿ 10ರ ಮಸೂರದಿಂದಲೇ ಶುರುಮಾಡಿ. 45ರ ಮಸೂರಕ್ಕೆ ಹೋದಮೇಲೆ ದೊಡ್ಡ ತಿರುಪನ್ನು ಮುಟ್ಟಿದರೆ ಸ್ಲೈಡು ಒಡೆಯುತ್ತದೆ, ಮಸೂರವೂ ಗೀಚಿಹೋಗುತ್ತದೆ.

ಸುಲಭದಲ್ಲಿ ಸಿಗುವ ಸಾಮಗ್ರಿಯೂ ಬೇಕಾದಷ್ಟಿದೆ. ಎಲೆಯಂಚಿನಿಂದ ಸಸಿ ಹುಟ್ಟುವುದಕ್ಕೆ ಕಾಡುಬಸಳೆ, ಪತ್ರರಂಧ್ರಕ್ಕೆ ರಿಯೋ ಎಲೆಯ ಕೆಳಮೈ ಸಿಪ್ಪೆ, ಬೇರುಗಂಟಿಗೆ ಶೇಂಗಾ ಗಿಡ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಸಾರಜನಕ ಸ್ಥಿರೀಕರಣ ನಡೆಯುತ್ತಿದೆ ಎಂದರ್ಥ. ಕಂದು ಅಥವಾ ಹಸಿರುಬಣ್ಣಕ್ಕೆ ತಿರುಗಿದ್ದು ಮುದಿಗಂಟು.

ಬಿ.ಇಡಿ.ಯೊಳಗೆ

ಬಿ.ಇಡಿ.ಯಲ್ಲಿ ಎರಡು ಬೋಧನಾ ವಿಷಯ ಆರಿಸಬೇಕಾದಲ್ಲಿ ಸಿಬಿಝಡ್‌ನವರು ಜೀವವಿಜ್ಞಾನದ ಜೊತೆ ಭೌತವಿಜ್ಞಾನವನ್ನು ತೆಗೆದುಕೊಳ್ಳುವುದು ಜಾಣತನ. ಭೌತಶಾಸ್ತ್ರ ಪಿಯುಸಿಗೇ ನಿಂತಿರುವುದರಿಂದ ಕಷ್ಟವೆನಿಸಿದರೂ ಮುಂದೆ ತರಗತಿಯಲ್ಲಿ ಅದೇ ಬೇಕಾಗುತ್ತದೆ.

ಅಣುಬೋಧನೆಯ (ಮೈಕ್ರೋ ಟೀಚಿಂಗ್, ಅಂದರೆ ಪುಟ್ಟ ಪಾಠ ಮಾಡಿ ಬೋಧನೆಯ ಒಂದೊಂದೇ ಕೌಶಲವನ್ನು ರೂಢಿಸಿಕೊಳ್ಳುವ ಅಭ್ಯಾಸ) ಆವರ್ತನ ನಮ್ಮಲ್ಲಿ ರೂಢಿಯಾಗಿರುವುದು 36 ನಿಮಿಷದ್ದು: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮತ್ತೆ ಹಿಮ್ಮಾಹಿತಿ 6. ಒಂದು ಸಲಕ್ಕೆ ಒಂದೇ ಕೌಶಲ. ಹೆಚ್ಚಿನ ಕಡೆ ಸಮಯದ ಒತ್ತಡದಲ್ಲಿ ಮರುಯೋಜನೆಯನ್ನೂ ಮರುಬೋಧನೆಯನ್ನೂ ಕಾಗದದ ಮೇಲೆ ಮುಗಿಸುತ್ತಾರೆ. ಕಲಿಕೆ ಇರುವುದೇ ಆ ಎರಡರಲ್ಲಿ. ಅವನ್ನು ಬಿಟ್ಟರೆ ಉಳಿದದ್ದು ಆರು ನಿಮಿಷದ ಭಾಷಣ. ಜೀವಶಾಸ್ತ್ರದವರು ಪ್ರಶ್ನಿಸುವ ಕೌಶಲಕ್ಕೂ ಕಪ್ಪುಹಲಗೆ ಕೌಶಲಕ್ಕೂ ಹೆಚ್ಚು ಗಮನ ಕೊಡಬೇಕು. ಹೃದಯದ ಚಿತ್ರವನ್ನು ಸಿದ್ಧ ಚಾರ್ಟಿನಲ್ಲಿ ತೂಗುಹಾಕುವುದಕ್ಕಿಂತ, ರಕ್ತ ಹರಿಯುವ ಕ್ರಮದಲ್ಲೇ ಒಂದೊಂದು ಕೋಣೆಯಾಗಿ ಹಲಗೆಯ ಮೇಲೆ ಬೆಳೆಸುತ್ತ ಹೋದರೆ ಮಕ್ಕಳೂ ಜೊತೆಗೆ ಬರೆಯುತ್ತಾರೆ. ಚಿತ್ರದಲ್ಲಿ ಹೃದಯದ ಎಡಭಾಗ ನೋಡುವವರ ಬಲಕ್ಕೆ ಬರುತ್ತದೆಂಬುದನ್ನು ಮೊದಲೇ ಹೇಳದಿದ್ದರೆ ಪರೀಕ್ಷೆಯವರೆಗೂ ಆ ತಪ್ಪು ಉಳಿಯುತ್ತದೆ.

ಪಾಠ ಯೋಜನೆಗೆ ಈಗ ಬಹಳ ಕಡೆ ರಚನಾವಾದದ (ಮಗು ತನ್ನ ತಿಳಿವಳಿಕೆಯನ್ನು ತಾನೇ ಕಟ್ಟಿಕೊಳ್ಳುತ್ತದೆಂಬ ವಾದ) ‘5ಇ’ ಮಾದರಿ ಕೇಳುತ್ತಾರೆ: ತೊಡಗಿಸುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಇದರ ಜೀವಾಳ ವಿವರಣೆಗಿಂತ ಮೊದಲು ಅನ್ವೇಷಣೆ ಬರುವುದರಲ್ಲಿದೆ. ಅನುವಂಶೀಯತೆಯಲ್ಲಿ ಮೆಂಡೆಲನ 3:1 ಅನುಪಾತವನ್ನೇ ಎತ್ತಿಕೊಳ್ಳಿ. ಪ್ರತಿ ಜೋಡಿ ಮಕ್ಕಳಿಗೆ ಎರಡು ನಾಣ್ಯ ಕೊಟ್ಟು, ಒಂದು ಮುಖಕ್ಕೆ ದೊಡ್ಡ ‘ಟಿ’, ಇನ್ನೊಂದಕ್ಕೆ ಸಣ್ಣ ‘ಟಿ’ ಎಂದು ಗೊತ್ತುಮಾಡಿ, ಇಪ್ಪತ್ತು ಸಲ ಚಿಮ್ಮಿಸಿ. ದೊಡ್ಡ ‘ಟಿ’ ಒಂದಾದರೂ ಬಿದ್ದ ಸಲಗಳನ್ನೂ ಒಂದೂ ಬೀಳದ ಸಲಗಳನ್ನೂ ಎಣಿಸಿದಾಗ ಒಂದು ಜೋಡಿಗೆ 17:3 ಬರುತ್ತದೆ, ಇನ್ನೊಂದಕ್ಕೆ 13:7. ಇಪ್ಪತ್ತು ಜೋಡಿಗಳ 400 ಎಣಿಕೆಯನ್ನು ಹಲಗೆಯ ಮೇಲೆ ಕೂಡಿಸಿದಾಗ 300:100ರ ಹತ್ತಿರ ಬಂದು ನಿಲ್ಲುತ್ತದೆ. ಮೆಂಡೆಲ್ 5,474 ದುಂಡು, 1,850 ಸುಕ್ಕು ಬೀಜಗಳನ್ನು ಎಣಿಸಿದ್ದೇಕೆ, ಅವನಿಗೂ ಸರಿಯಾಗಿ 3 ಬರದೆ 2.96 ಬಂದದ್ದೇಕೆ ಎಂಬುದು ಆಗ ವಿವರಿಸದೆಯೇ ತಿಳಿಯುತ್ತದೆ. ಇದನ್ನು ಬಿಟ್ಟು ಪನೆಟ್ ಚೌಕ ಬರೆದು ಅನುಪಾತ ಹೇಳಿಬಿಟ್ಟರೆ, ನಾಲ್ಕು ಮಕ್ಕಳಿದ್ದ ಮನೆಯಲ್ಲಿ ಮೂವರು ಒಂದು ಥರ, ಒಬ್ಬರು ಇನ್ನೊಂದು ಥರ ಇರಲೇಬೇಕು ಎಂದು ಮಕ್ಕಳು ನಂಬುತ್ತಾರೆ. ಪ್ರಬಲ ಗುಣ ಎಂದರೆ ಹೆಚ್ಚು ಜನರಲ್ಲಿರುವ ಗುಣ ಎಂಬ ತಪ್ಪು ಕಲ್ಪನೆಯೂ ಇದರ ಬೆನ್ನಿಗೇ ಬರುತ್ತದೆ. ಇಂಥವನ್ನು ಅಧ್ಯಾಯವಾರು ಪಟ್ಟಿಮಾಡುತ್ತಾ ಹೋಗಿ: ಗಿಡಗಳು ಹಗಲು ಉಸಿರಾಡುವುದಿಲ್ಲ, ಅಶುದ್ಧ ರಕ್ತ ನೀಲಿ, ಬೀಜ ಜೀವವಿಲ್ಲದ್ದು. ಇಡೀ ಬಿ.ಇಡಿ.ಯಲ್ಲಿ ಇದಕ್ಕಿಂತ ಉಪಯೋಗದ ದಾಖಲೆ ಇನ್ನೊಂದಿಲ್ಲ.

ಮಾನವ ಸಂತಾನೋತ್ಪತ್ತಿಯ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವ ರೂಢಿ ಇನ್ನೂ ಇದೆ. ಅದು ಮಕ್ಕಳಿಗೆ ಮಾಡುವ ಅನ್ಯಾಯ. ತರಬೇತಿಯ ಕಾಲದಲ್ಲೇ ಸಹಪಾಠಿಗಳೆದುರು ಈ ಪಾಠವನ್ನು ಪೂರ್ತಿ ಮಾಡಿ ಅಭ್ಯಾಸವಾಗಬೇಕು. ಪಠ್ಯಪುಸ್ತಕದ ಪದಗಳನ್ನೇ ಅಳುಕಿಲ್ಲದೆ ಬಳಸಿ, ಹುಡುಗರನ್ನೂ ಹುಡುಗಿಯರನ್ನೂ ಒಟ್ಟಿಗೆ ಕೂರಿಸಿ, ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿಕೊಂಡು ಉತ್ತರಿಸಿ. ನೀವು ತಡವರಿಸದಿದ್ದರೆ ತರಗತಿಯ ಕಿಸಿಕಿಸಿ ಬೇಗ ನಿಲ್ಲುತ್ತದೆ.

ಇಂಟರ್ನ್‌ಶಿಪ್ ಒಟ್ಟು 20 ವಾರ: ಮೊದಲ ವರ್ಷ 4, ಎರಡನೆಯ ವರ್ಷ 16. ಹಾಜರಾತಿ ಶೇ. 90 ಇರಲೇಬೇಕು. ಕಡತಗಳು ಬೆಳೆಯುತ್ತವೆ: ಪಾಠ ಯೋಜನೆ, ವೀಕ್ಷಣಾ ದಾಖಲೆ, ಘಟಕ ಪರೀಕ್ಷೆ, ಕ್ರಿಯಾ ಸಂಶೋಧನೆ. ಪ್ರಶ್ನೆಪತ್ರಿಕೆಯನ್ನು ಮೊದಲು ಬರೆದು ನೀಲನಕ್ಷೆಯನ್ನು (ಯಾವ ಉದ್ದೇಶಕ್ಕೆ ಎಷ್ಟು ಅಂಕ ಎಂಬ ಕೋಷ್ಟಕ) ಅದಕ್ಕೆ ತಕ್ಕಂತೆ ಆಮೇಲೆ ತುಂಬುವುದು ಎಲ್ಲೆಡೆ ನಡೆಯುವ ತಪ್ಪು. ಹಾಗೆ ಮಾಡಿದಾಗ ಪತ್ರಿಕೆ ಹೆಚ್ಚುಕಡಿಮೆ ನೆನಪಿನ ಪ್ರಶ್ನೆಗಳಿಂದಲೇ ತುಂಬಿರುತ್ತದೆ. ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲಗಳಿಗೆ ಅಂಕ ಹಂಚಿಕೊಂಡು ಪ್ರಶ್ನೆ ಬರೆಯಲು ಕುಳಿತರೆ, ‘ಪತ್ರರಂಧ್ರದ ಕಾರ್ಯ ತಿಳಿಸಿ’ ಎಂಬುದು ‘ಎಲೆಯ ಎರಡೂ ಮೈಗೆ ವ್ಯಾಸಲಿನ್ ಹಚ್ಚಿದರೆ ಏನೇನು ನಿಲ್ಲುತ್ತದೆ?’ ಎಂದು ತಾನಾಗಿ ಬದಲಾಗುತ್ತದೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಲಿಖಿತ 80, ಆಂತರಿಕ 20 ಅಂಕಗಳಿರುವುದರಿಂದ ಎರಡಕ್ಕೂ ಬೇಕಾದ ಪ್ರಶ್ನೆ, ಚಟುವಟಿಕೆಗಳನ್ನು ಇಂಟರ್ನ್‌ಶಿಪ್‌ನಲ್ಲೇ ಮಾರ್ಗದರ್ಶಿ ಶಿಕ್ಷಕರ ಜೊತೆ ಕೂತು ಮಾಡಿ ನೋಡುವುದು ಒಳ್ಳೆಯದು.

ಪದವಿಯ ಆಚೆ

ಒಂದರಿಂದ ಎಂಟನೇ ತರಗತಿವರೆಗಿನ ಹುದ್ದೆಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಬೇಕು. ಬಿ.ಇಡಿ. ಆದವರಿಗೆ ಒಂದರಿಂದ ಐದರ ಬಾಗಿಲನ್ನು ಸುಪ್ರೀಂ ಕೋರ್ಟಿನ 2023ರ ಆಗಸ್ಟ್ ತೀರ್ಪು ಮುಚ್ಚಿದೆ, ಆದ್ದರಿಂದ ಗುರಿ ಆರರಿಂದ ಎಂಟನೇ ತರಗತಿಗಿರುವ ಟಿಇಟಿಯ ಎರಡನೇ ಪತ್ರಿಕೆ. ಒಟ್ಟು 150 ಅಂಕ, ಋಣಾಂಕವಿಲ್ಲ: ಎರಡು ಭಾಷೆಗೆ 30-30, ಶಿಶು ವಿಕಸನ ಮತ್ತು ಬೋಧನಾಶಾಸ್ತ್ರಕ್ಕೆ 30, ಗಣಿತ-ವಿಜ್ಞಾನಕ್ಕೆ 60. ಸಾಮಾನ್ಯ ವರ್ಗಕ್ಕೆ ಅರ್ಹತೆ ಶೇ. 60, ಅಂದರೆ 90 ಅಂಕ. ಸಿಬಿಝಡ್‌ನವರು ಇಲ್ಲಿ ಬೀಳುವುದು ಬಹುತೇಕ ಗಣಿತದಲ್ಲಿ. ಆ ಗಣಿತ ಎಂಟನೇ ತರಗತಿ ಆಸುಪಾಸಿನದು. ಭಿನ್ನರಾಶಿ, ಶೇಕಡಾವಾರು, ಬೀಜೋಕ್ತಿ, ಕ್ಷೇತ್ರಗಣಿತ, ದತ್ತಾಂಶ. ಬಿ.ಇಡಿ.ಯ ಎರಡನೇ ವರ್ಷದಲ್ಲಿ ದಿನಕ್ಕೆ ಅರ್ಧಗಂಟೆ ಆರರಿಂದ ಎಂಟರ ಗಣಿತ ಪುಸ್ತಕಗಳ ಲೆಕ್ಕ ಮಾಡಿದರೆ ಸಾಕು.

ಭೌತಶಾಸ್ತ್ರಕ್ಕೂ ಇದೇ ಉಪಾಯ, ಕೈಕೆಲಸದೊಂದಿಗೆ. ಬೆಳಕು, ಕಣ್ಣು, ವಿದ್ಯುತ್, ಕಾಂತೀಯ ಪರಿಣಾಮ ಇವು ಹತ್ತನೇ ತರಗತಿಯ ನಾಲ್ಕು ಅಧ್ಯಾಯ. ಕಣ್ಣಿನಿಂದ ಶುರುಮಾಡಿ, ಅಲ್ಲಿ ಜೀವಶಾಸ್ತ್ರ ನಿಮ್ಮ ಬೆನ್ನಿಗಿರುತ್ತದೆ, ಮಸೂರಗಳಿಗೆ ಅಲ್ಲಿಂದ ಹಿಂದಕ್ಕೆ ಬರಬಹುದು. ವಿದ್ಯುತ್ತಿಗೆ ಎರಡು ಬ್ಯಾಟರಿ ಶೆಲ್, ಟಾರ್ಚಿನ ಬಲ್ಬುಗಳು, ತಂತಿ ಇಟ್ಟುಕೊಂಡು ಸರಣಿ ಮತ್ತು ಸಮಾಂತರ ಜೋಡಣೆಯನ್ನು ಕೈಯಾರೆ ಕಟ್ಟಿ ನೋಡಿ, ಆಮೇಲೆ ಸೂತ್ರಕ್ಕೆ ಹೋಗಿ.

ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರವನ್ನೇ ಕಲಿಸಬೇಕು ಎನ್ನುವವರು ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಯನ್ನು ಶೇ. 55 ಅಂಕಗಳೊಂದಿಗೆ ಮುಗಿಸಿ ಬಿ.ಇಡಿ.ಯನ್ನೂ ಹೊಂದಿರಬೇಕು. ಎಂ.ಎಸ್ಸಿ. ಮೊದಲೋ ಬಿ.ಇಡಿ. ಮೊದಲೋ ಎಂದು ಕೇಳುವವರಿಗೆ ನಮ್ಮ ಸಲಹೆ, ಬಿ.ಇಡಿ. ಮೊದಲು. ಹದಿನಾರು ವಾರ ಮಕ್ಕಳ ನಡುವೆ ಕಳೆದ ಮೇಲೆ ಪ್ರೌಢಶಾಲೆಯೋ ಕಾಲೇಜೋ ಎಂಬ ತೀರ್ಮಾನಕ್ಕೆ ಗಟ್ಟಿ ಆಧಾರ ಸಿಕ್ಕಿರುತ್ತದೆ.